ಎಂಟನೇ ಕ್ಲಾಸಿನ ಮಗನ ತೂಕ ಜಾಸ್ತಿ ಇದೆ ಅಂದಿದ್ದಾರೆ, ರಾತ್ರಿ ಊಟ ಬಿಡಿಸಲಾ?

ಬಿಡಿಸಬೇಡಿ. ಉಳಿದದ್ದು ಆಮೇಲೆ.

ಮಗನಿಗೆ 13 ವರ್ಷ, ಎತ್ತರ 155 ಸೆಂ.ಮೀ, ತೂಕ 55 ಕೆ.ಜಿ. ಶಾಲೆಯ ಹೆಲ್ತ್ ಚೆಕಪ್‌ನಲ್ಲಿ ಓವರ್‌ವೇಟ್ ಅಂತ ಬರೆದು ಕಳಿಸಿದ್ದಾರೆ, ಅತ್ತೆ ಮಾತ್ರ "ಬೆಳೆಯುವ ಹುಡುಗ, ತಾನಾಗಿ ಇಳಿಯುತ್ತದೆ" ಅನ್ನುತ್ತಾರೆ, ಊಟ ಬಿಡಿಸಲಾ ಜಿಮ್‌ಗೆ ಸೇರಿಸಲಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಪಿಟಿ ಮಾಸ್ಟ್ರು. ಈ ವಯಸ್ಸಿನ ಮಕ್ಕಳ ಜೊತೆಗೇ ನನ್ನ ದಿನ ಕಳೆಯುತ್ತದೆ.

ಅವನ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, ಸುಮಾರು 23. ದೊಡ್ಡವರ ಲೆಕ್ಕ ಮಕ್ಕಳಿಗೆ ಹಿಡಿಯುವ ಹಾಗಿಲ್ಲ, ವಯಸ್ಸಿಗೆ ತಕ್ಕ ಚಾರ್ಟ್ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ 13ರ ಹುಡುಗನಿಗೆ ಸುಮಾರು 21 ದಾಟಿದರೆ ಓವರ್‌ವೇಟ್, ಸುಮಾರು 25 ದಾಟಿದರೆ ಬೊಜ್ಜು. ಅಂದರೆ ಇನ್ನೂ ಕೈಮೀರಿಲ್ಲ. ತೂಕ ಇಳಿಸಲೇಬೇಕು ಅಂತಲೂ ಇಲ್ಲ, ಏರುವುದು ನಿಂತರೆ ಸಾಕು. 55 ಕೆ.ಜಿ.ಯಲ್ಲೇ ಇದ್ದು ಎತ್ತರ 165 ಆಯಿತು ಅಂದುಕೊಳ್ಳಿ, ಬಿಎಂಐ 20ರ ಹತ್ತಿರ ಬರುತ್ತದೆ. ಆದರೆ ಸುಮ್ನೆ ಬಿಟ್ಟರೆ ತಾನಾಗಿ ಇಳಿಯುತ್ತದೆ ಅನ್ನುವುದು ಸರಿಯಲ್ಲ. ಹದಿಹರೆಯದಲ್ಲಿ ಬಂದ ಬೊಜ್ಜು ಹೆಚ್ಚಿನವರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ.

ನಿಮ್ಮ ಮನೆಯಲ್ಲಿ ನೋಡಬೇಕಾದದ್ದು ಸಂಜೆ ನಾಲ್ಕರಿಂದ ಒಂಬತ್ತು ಗಂಟೆ. ಬೆಳಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಅರ್ಧ ದೋಸೆ ತಿಂದು ಹೋದ ಹುಡುಗ, ಮಧ್ಯಾಹ್ನ ಬುತ್ತಿಯಲ್ಲೂ ಅರ್ಧ ಉಳಿಸಿ, ಸಂಜೆ ಹೊಟ್ಟೆ ಹಸಿದುಕೊಂಡು ಬರುತ್ತಾನೆ. ಆಗ ಸಿಗುವುದು ಎಣ್ಣೆಯಲ್ಲಿ ಕರಿದ ಬನ್ಸ್, ಗೋಳಿಬಜೆ, ಚಿಪ್ಸ್ ಪ್ಯಾಕೆಟ್, ಜೊತೆಗೊಂದು ಕೋಲಾ. ತಿಂದ ಕೂಡಲೇ ಟ್ಯೂಷನ್, ಬಂದ ಮೇಲೆ ಮೊಬೈಲ್. ಇದು ದಿನಾ ನಡೆದರೆ ರಾತ್ರಿ ಊಟ ಬಿಡಿಸಿ ಏನು ಪ್ರಯೋಜನ? ಮರುದಿನ ಇನ್ನೂ ಜಾಸ್ತಿ ಹಸಿದು, ನಿಮಗೆ ಗೊತ್ತಾಗದ ಹಾಗೆ ಹೊರಗೆ ತಿನ್ನುತ್ತಾನೆ. 250 ಮಿ.ಲೀ ಕೋಲಾದಲ್ಲೇ 25 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಮೊದಲು ಅದನ್ನು ಮನೆಗೆ ತರುವುದು ನಿಲ್ಲಿಸಿ, ಅವನಿಗೆ ಮಾತ್ರ ಅಲ್ಲ, ಎಲ್ಲರಿಗೂ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಇಂಥ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ 2020ರಲ್ಲೇ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ, ಪೋಷಕರ ಸಭೆಯಲ್ಲಿ ಅದನ್ನೂ ಕೇಳಿ.

ಸಂಜೆಗೆ ಹೆಸರುಕಾಳಿನ ಉಸ್ಲಿ, ಬೇಯಿಸಿದ ಕಡಲೆ, ಮೊಟ್ಟೆ, ಹಣ್ಣು, ಮಜ್ಜಿಗೆ, ಯಾವುದಾದರೂ ಹೊಟ್ಟೆ ತುಂಬ ಕೊಡಿ. ರಾತ್ರಿ ಕುಚ್ಚಲಕ್ಕಿ ಅನ್ನ ಒಂದು ಹಿಡಿ ಕಡಿಮೆ ಮಾಡಿ, ಬಸಳೆಯೋ ಅಲಸಂಡೆಯೋ ಪಲ್ಯ ಜಾಸ್ತಿ ಹಾಕಿ. ಮೀನು ತಿನ್ನುವ ಮನೆಯಾದರೆ ದಿನಾ ಫ್ರೈ ಬೇಡ, ಬಂಗುಡೆ ಪುಳಿಮುಂಚಿ ಸಾರು ಸಾಕಲ್ವಾ? ಬನ್ಸ್ ಪೂರ್ತಿ ಬಿಡಬೇಕಿಲ್ಲ, ಭಾನುವಾರ ಮನೆಯವರೆಲ್ಲ ಕೂತು ತಿನ್ನಿ.

ಜಿಮ್ ಈಗ ಬೇಡ, ಆಡಬೇಕು. ಈ ವಯಸ್ಸಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಎರಡು ಸಂಜೆ ಟ್ಯೂಷನ್ ತಪ್ಪಿಸಿಯಾದರೂ ಫುಟ್‌ಬಾಲಿಗೋ ಲೇಡಿಹಿಲ್ ಈಜುಕೊಳಕ್ಕೋ ಕಳಿಸಿ, ಉಳಿದ ದಿನ ಸೈಕಲ್. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಮೈದಾನವೇ ಸಿಗುವುದಿಲ್ಲ, ಆಗ ಒಳಾಂಗಣ ಶಟಲ್, ಹಗ್ಗ ಜಿಗಿತ. ನಿದ್ದೆಯೂ ಮುಖ್ಯ, 8 ಗಂಟೆಯಾದರೂ ಬೇಕು.

ಕುತ್ತಿಗೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದೆಯಾ ನೋಡಿ. ಅದನ್ನು ಕೊಳೆ ಅಂತ ಉಜ್ಜಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಲಕ್ಷಣ ಇರಬಹುದು. ಅದು ಕಂಡರೆ, ಜೋರಾಗಿ ಗೊರಕೆ ಹೊಡೆದರೆ, ಎತ್ತರ ಬೆಳೆಯದೆ ತೂಕ ಮಾತ್ರ ಏರಿದರೆ, ಅಥವಾ ಮನೆಯವರಿಗೆ ಶುಗರ್ ಕಾಯಿಲೆ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ನಲ್ಲೂ ಮಕ್ಕಳ ವಿಭಾಗ ಇದೆ.

ಅವನನ್ನು "ಡುಮ್ಮ" ಅಂತ ಕರೆಯುತ್ತಾರೆ ಅಂತಲೂ ಬರೆದಿದ್ದೀರಿ. ನನಗೆ ತುಂಬ ಬೇಜಾರಾದದ್ದು ಅದಕ್ಕೆ. ಹಾಗೆ ಕರೆಸಿಕೊಂಡ ಮಕ್ಕಳು ಮೊದಲು ಆಟ ಬಿಡುತ್ತಾರೆ, ಹೊಟ್ಟೆನೋವು ಅಂತ ಹೇಳಿ ಮರದ ಕೆಳಗೆ ಕೂರುತ್ತಾರೆ. ಮನೆಯಲ್ಲಿ ಪ್ರೀತಿಗೂ ಯಾರೂ ಹಾಗೆ ಕರೆಯಬಾರದು. ನಾಳೆಯೇ ಅವನ ಪಿಟಿ ಮಾಸ್ಟ್ರನ್ನು ಕಂಡು ಮಾತಾಡಿ. ಅವನನ್ನು ಸ್ಕೋರ್ ಬರೆಯಲು ಕೂರಿಸದೆ ಟೀಮಿಗೆ ಹಾಕಿ ಅನ್ನಿ. ಪರೀಕ್ಷೆ ಹತ್ತಿರ ಬಂದಾಗ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತಿದ್ದರೆ ಅದನ್ನೂ ಹೆಡ್‌ಮಾಸ್ಟ್ರ ಹತ್ತಿರ ಕೇಳಿ, ನಮ್ಮ ಮಾತಿಗಿಂತ ಪೋಷಕರ ಮಾತು ಅಲ್ಲಿ ಬೇಗ ನಡೆಯುತ್ತದೆ.