ಮಗುವನ್ನು ಮಾತನಾಡಿಸುವ ಕೆಲಸ ಮನೆಮಂದಿಯೆಲ್ಲರದು

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ. ನನ್ನನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದಾರೆ. ಎರಡೂವರೆ ವರ್ಷದ ಮಗನಿಗೆ ಎರಡೂ ಕಿವಿ ತೀರಾ ಮಂದವೆಂದು ಗೊತ್ತಾಗಿ, ಈಚೆಗೆ ಕಿವಿ ಮಷಿನ್ ಹಾಕಿಸಿದ್ದೇವೆ. ಅವನು ಅದನ್ನು ಕಿತ್ತು ಬಿಸಾಡುತ್ತಾನೆ. ಬಸುರಿಯಿದ್ದಾಗ ನಾನು ಗ್ರಹಣದಲ್ಲಿ ಹೊರಗೆ ಬಂದದ್ದೇ ಕಾರಣವೆಂದು ಅತ್ತೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾರೆ. ದಿನವಿಡೀ ಮಗುವನ್ನು ಮಾತನಾಡಿಸಬೇಕಂತೆ. ನಾಟಿ ಕೂಲಿ, ಮನೆಗೆಲಸದ ನಡುವೆ ನನ್ನಿಂದ ಆಗುತ್ತಿಲ್ಲ. ರಾತ್ರಿ ಒಬ್ಬಳೇ ಅಳುತ್ತೇನೆ. ಸನ್ನೆ ಮಾಡಿದರೆ ಮಾತು ಬರುವುದಿಲ್ಲವೇ? ಆಪರೇಷನ್ ಮಾಡಿಸಬೇಕೇ?

ಉತ್ತರ: ಸಹೋದರಿ, ಗ್ರಹಣಕ್ಕೂ ಮಗುವಿನ ಕಿವಿಗೂ ಯಾವ ಸಂಬಂಧವೂ ಇಲ್ಲ. ಹುಟ್ಟು ಕಿವುಡುತನದಲ್ಲಿ ಅರ್ಧದಷ್ಟಾದರೂ ವಂಶವಾಹಿಗಳಿಂದ ಬರುವಂಥದ್ದು. ಬಸುರಿನಲ್ಲಿ ತಗಲುವ ರುಬೆಲ್ಲಾದಂಥ ಸೋಂಕು, ದಿನ ತುಂಬದ ಹೆರಿಗೆ, ನವಜಾತ ಶಿಶುವಿನ ತೀವ್ರ ಕಾಮಾಲೆ ಇತರ ಕಾರಣಗಳು. ರಕ್ತಸಂಬಂಧದ ಮದುವೆಗಳಲ್ಲಿ ಒಂದೇ ಅಜ್ಜ-ಅಜ್ಜಿಯಿಂದ ಇಳಿದು ಬಂದ ದೋಷ ಗಂಡಹೆಂಡಿರಿಬ್ಬರಲ್ಲೂ ಅಡಗಿದ್ದು, ಇಬ್ಬರಿಗೂ ಚೆನ್ನಾಗಿಯೇ ಕೇಳಿಸುತ್ತಿದ್ದರೂ, ಅದು ಇಬ್ಬರಿಂದಲೂ ಮಗುವಿಗೆ ಬಂದಾಗ ಕಿವುಡುತನವಾಗಿ ಕಾಣಿಸಿಕೊಳ್ಳಬಹುದು. ನಿಮ್ಮ ಮಗನಿಗೂ ಇದೇ ಕಾರಣವೆಂದು ತಪಾಸಣೆಯಿಲ್ಲದೆ ಹೇಳಲಾಗದು. ಇದೇ ಆಗಿದ್ದರೂ ಅದರಲ್ಲಿ ತಂದೆಯ ಪಾಲು ತಾಯಿಯ ಪಾಲಿನಷ್ಟೇ. ಅಂಥ ದೋಷವಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಇರುವುದರಿಂದ, ಮುಂದಿನ ಮಗುವಿನ ಯೋಚನೆಗೆ ಮೊದಲು ವೈದ್ಯರ ಸಲಹೆ ಪಡೆಯಿರಿ. ಹರಕೆ ತೀರಿಸಲು ಹುಲಿಗೆಮ್ಮನ ಊರಾದ ಹುಲಿಗಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಮಗು ಮಷಿನ್ ಹಾಕಿಕೊಂಡೇ ಹೋಗಲಿ.

ಮಗು ಮಷಿನ್ ಕಿತ್ತರೆ ಮೊದಲು ಕಿವಿಯೊಳಗಿನ ಅಚ್ಚನ್ನು ನೋಡಿರಿ. ಮಗು ಬೆಳೆದಂತೆ ಅದು ಸಡಿಲವಾಗಿ ಸೀಟಿ ಹೊಡೆಯುತ್ತದೆ, ಕೆಲವೊಮ್ಮೆ ನೋಯಿಸುತ್ತದೆ. ಆಗ ಹೊಸ ಅಚ್ಚು ಮಾಡಿಸಬೇಕು. ಉಣ್ಣುವಾಗ, ಆಡುವಾಗ ಸ್ವಲ್ಪ ಹೊತ್ತು ಹಾಕಿ, ಎಚ್ಚರವಿರುವಷ್ಟು ಹೊತ್ತೂ ಇರುವಂತೆ ದಿನದಿನಕ್ಕೆ ಹೆಚ್ಚಿಸಿರಿ. ನಮ್ಮ ಕಡೆಯ ಬಿಸಿಲಿಗೆ ಬೆವರಿಳಿದು ಮಷಿನ್ ಕೆಡುವುದುಂಟು, ರಾತ್ರಿ ಒಣಬಟ್ಟೆಯಿಂದ ಒರೆಸಿಡಿ. ಅದರ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಾಪಾಯ. ಕೈಗೆ ಸಿಗದಂತೆ ಇಡಿ.

ದಿನವಿಡೀ ಮಾತನಾಡಿಸುವುದೆಂದರೆ ಕೆಲಸ ಬಿಟ್ಟು ಕೂರುವುದಲ್ಲ. ರೊಟ್ಟಿ ತಟ್ಟುವಾಗ ಮಗನನ್ನು ಬೆಂಕಿಯಿಂದ ದೂರ, ನಿಮ್ಮ ಮುಖ ಬೆಳಕಿನಲ್ಲಿ ಕಾಣುವಂತೆ ಎದುರಿಗೆ ಕೂರಿಸಿಕೊಳ್ಳಿ. ‘ಹಿಟ್ಟು’ ಎಂದು ಚೂರು ಹಿಟ್ಟನ್ನು ಅವನ ಅಂಗೈಗೆ ಇಡಿ. ‘ತಟ್ಟು’ ಎಂದು ಅವನ ಕೈಯಿಂದಲೂ ತಟ್ಟಿಸಿ. ಬೆಂದ ರೊಟ್ಟಿಯನ್ನು ‘ಬಿಸಿ, ಊದು’ ಎಂದು ಊದಿ ತೋರಿಸಿ, ಅವನು ದನಿ ಮಾಡಲೆಂದು ತುಸು ಕಾಯಿರಿ. ಅದೇ ಮಾತು ಅದೇ ಕೆಲಸದ ಜೊತೆ ದಿನವೂ ಬಂದರೆ ಅವನಿಗೆ ಹತ್ತುತ್ತದೆ. ನೀವು ನಾಟಿಗೆ ಹೋದಾಗ ಇದನ್ನು ಅತ್ತೆಯವರು ಮಾಡಲಿ. ನಿಮ್ಮ ಆಯಾಸಕ್ಕೆ ಮುಖ್ಯ ಕಾರಣ, ಮನೆಯವರೆಲ್ಲ ಹೊರಬೇಕಾದ್ದನ್ನು ನೀವೊಬ್ಬರೇ ಹೊತ್ತಿರುವುದು ಎಂದೇ ನನ್ನ ಭಾವನೆ. ಅಳು ಬರುವುದು ಸಹಜ. ಆದರೆ ವಾರಗಟ್ಟಲೆ ಊಟ ನಿದ್ದೆ ಸೇರದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಸನ್ನೆಯಿಂದ ಮಾತು ನಿಲ್ಲುತ್ತದೆಂಬುದಕ್ಕೆ ಆಧಾರವಿಲ್ಲ. ಈ ವಯಸ್ಸಿನಲ್ಲಿ ಭಾಷೆಯೇ ಇಲ್ಲದೆ ಉಳಿಯುವುದು ಅದಕ್ಕಿಂತ ದೊಡ್ಡ ನಷ್ಟ. ಸನ್ನೆ, ಮಾತು ಎರಡೂ ಇರಲಿ.

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಶ್ರವಣ ಸಾಧನ, ಬೇಕೇ ಎಂಬುದು, ಮಷಿನ್ನಿನಿಂದ ಎಷ್ಟು ಪ್ರಯೋಜನವಾಯಿತೆಂಬುದನ್ನೂ ಪರೀಕ್ಷೆಗಳನ್ನೂ ನೋಡಿ ತಜ್ಞರು ನಿರ್ಧರಿಸುವ ಮಾತು. ಆಪರೇಷನ್ ಆದ ಮೇಲೂ ವರ್ಷಗಟ್ಟಲೆ ತರಬೇತಿ ಬೇಕು. ಬೇಗ ಮಾಡಿಸಿದಷ್ಟೂ ಒಳ್ಳೆಯದಾದ್ದರಿಂದ, ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಕಾರಿ ನೆರವಿನ ಬಗ್ಗೆ ಈಗಲೇ ವಿಚಾರಿಸಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಾಯಂದಿರಿಗೂ ತರಬೇತಿ ಕೊಡುತ್ತಾರೆ; ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ನೇರ ಮೈಸೂರಿಗೇ ಹೋಗುತ್ತದೆ. ಮುಂದಿನ ತಪಾಸಣೆಗೆ ನಿಮ್ಮ ಯಜಮಾನರೂ ಅತ್ತೆಯವರೂ ಜೊತೆಗೆ ಬರಲಿ, ಕಾರಣವನ್ನು ವೈದ್ಯರ ಬಾಯಿಂದಲೇ ಕೇಳಲಿ.