ತೊಗರಿ ಬೆಳೆಯುವ ಮನೆಯವನಾಗಿ ಹೇಳುತ್ತೇನೆ, ಬಾಗಿಲು ತೆರೆದಿಡಿ

ಸರ್ಕಾರ ಕೈಬಿಟ್ಟರೆ ವ್ಯಾಪಾರಿಗಳು ರೈತನನ್ನು ನುಂಗಿಬಿಡುತ್ತಾರೆ, ಹಾಗಿರುವಾಗ ಮುಕ್ತ ಮಾರುಕಟ್ಟೆ ಬೇಕು ಅನ್ನುವುದು ಹೇಗೆ ಅಂತ ಕೇಳಿದ್ದೀರಿ. ನಮ್ಮದು ಕಲಬುರಗಿ ಕಡೆಯ ಕಪ್ಪು ನೆಲ, ಮನೆಯಲ್ಲಿ ತೊಗರಿ ಬಿಟ್ಟರೆ ಬೇರೆ ಮಾತಿಲ್ಲ. ನಾನು ಕಂಡದ್ದನ್ನೇ ಹೇಳುತ್ತೇನೆ.

2015ರಲ್ಲಿ ತೊಗರಿ ಬೇಳೆ ಕೆಜಿಗೆ 200 ರೂಪಾಯಿ ಹತ್ತಿರ ಹೋಗಿತ್ತು, ನೆನಪಿದೆಯಾ? ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಚೆನ್ನಾಗಿ ಬಂತು. ರಾಶಿ ಮಾಡುವ ಹೊತ್ತಿಗೆ ದರ ನೆಲ ಕಚ್ಚಿತು, ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಸರ್ಕಾರದ ಬೆಂಬಲ ಬೆಲೆಯೂ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಸಿಗಲಿಲ್ಲ. ಅಪ್ಪ ಸರ್ಕಾರದ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಎರಡು ರಾತ್ರಿ ಚೀಲಗಳ ಮೇಲೇ ಮಲಗಿದರು. ಮೂರನೇ ದಿನ ಗೋಣಿಚೀಲ ಮುಗಿದಿದೆ, ಆಮೇಲೆ ಬನ್ನಿ ಅಂದರು. ಟ್ರ್ಯಾಕ್ಟರ್ ಬಾಡಿಗೆ ಏರುತ್ತಲೇ ಇತ್ತು, ಸಾಲ ಕೊಟ್ಟವರು ಕಾಯುತ್ತಿದ್ದರು, ಹಾಗಾಗಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಸಿಕ್ಕ ದರಕ್ಕೆ ಕೊಟ್ಟು ಬಂದರು.

ಈಗ ಇದನ್ನು ನೋಡಿ. ಬೇಳೆಕಾಳು ಹೊರದೇಶಕ್ಕೆ ಕಳಿಸುವುದಕ್ಕೆ 2006ರಿಂದಲೇ ನಿಷೇಧ ಇತ್ತು. ತೊಗರಿಯ ಮೇಲಿನ ಆ ನಿಷೇಧ ತೆಗೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ನಮ್ಮ ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಅಂದರೆ ದೇಶದ ತುಂಬ ತೊಗರಿ ತುಂಬಿ ತುಳುಕುತ್ತಿದ್ದ ತಿಂಗಳುಗಳಲ್ಲಿ ಹೊರಗೆ ಕೊಳ್ಳುವವನಿದ್ದರೂ ನಮ್ಮ ತನಕ ಬರುವ ಹಾಗಿರಲಿಲ್ಲ. ಅಪ್ಪನ ಕಾಳು ಮಾರಿ ಎಷ್ಟೋ ತಿಂಗಳಾದ ಮೇಲೆ ಬಾಗಿಲು ತೆರೆದರು.

ದರ ಏರಿದಾಗ ಮಾತ್ರ ಕೂಡಲೇ ಕೈ ಹಾಕುತ್ತಾರೆ. 2023ರ ಜೂನ್‌ನಲ್ಲಿ ತೊಗರಿಗೆ ದಾಸ್ತಾನು ಮಿತಿ ಹಾಕಿದರು, ಸಗಟು ವ್ಯಾಪಾರಿ 200 ಟನ್‌ಗಿಂತ ಜಾಸ್ತಿ ಇಡುವಂತಿಲ್ಲ ಅಂತ. ಕಾಳಸಂತೆಗೆ ಪೆಟ್ಟು ಅಂತ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ವರ್ಷವಿಡೀ ತಿನ್ನುವ ಬೇಳೆ ಬೆಳೆಯುವುದು ಒಂದೇ ಹಂಗಾಮಿನಲ್ಲಿ ಅಲ್ವಾ? ಉಳಿದ ತಿಂಗಳಿಗೆ ಯಾರಾದರೂ ಕೂಡಿಡಲೇಬೇಕು. ಇಡುವಂತಿಲ್ಲ ಅಂದರೆ ಅವನು ರಾಶಿ ಕಾಲದಲ್ಲಿ ಕೊಳ್ಳುವುದನ್ನೇ ಕಡಿಮೆ ಮಾಡುತ್ತಾನೆ, ಪೆಟ್ಟು ತಿರುಗಿ ನಮಗೇ ಬೀಳುತ್ತದೆ.

ಆಮದು ನಿಲ್ಲಿಸಿ ಅಂತ ನಾನು ಕೇಳುವುದಿಲ್ಲ. ಈ ಮಾತಿಗೆ ಊರಲ್ಲಿ ನನ್ನ ಮೇಲೆ ಸಿಟ್ಟಿದೆ, ಅಪ್ಪನಿಗೂ ಇಷ್ಟವಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್ ತೊಗರಿ ಬರಲಿ, ಕೂಲಿ ಮಾಡುವವನ ಮನೆಗೂ ಬೇಳೆ ಬೇಕು. ಆದರೆ ಒಳಗೆ ಬರುವ ಬಾಗಿಲು ತೆರೆದು ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕಿದರೆ ಅದು ಮುಕ್ತ ವ್ಯಾಪಾರ ಅಲ್ಲ. ಎರಡೂ ತೆರೆದಿರಲಿ. ಬಿತ್ತಿದ ಮೇಲೆ ನಿಯಮ ಬದಲಾಯಿಸುವುದು ಬೇಡ. ಸರ್ಕಾರ ತೂಕ ಸರಿಯಿದೆಯಾ ನೋಡಲಿ, ಮೋಸ ಮಾಡಿದವನನ್ನು ಹಿಡಿಯಲಿ, ರಸ್ತೆ ಹಾಕಿಸಲಿ. ಆ ಕೆಲಸ ಬೇರೆ ಯಾರೂ ಮಾಡಲಾರರು.

ನುಂಗುವ ವ್ಯಾಪಾರಿ ಇಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇದ್ದಾನೆ. ಅವನಿಗೆ ಹೆದರಿಕೆ ಇರುವುದು ಪಕ್ಕದ ವ್ಯಾಪಾರಿಯದು. ಜನವರಿಯಲ್ಲಿ ಒಮ್ಮೆ ಇಲ್ಲಿನ ಗಂಜ್‌ಗೆ ಬನ್ನಿ, ಸವಾಲಿನ, ಅಂದರೆ ಹರಾಜಿನ ಹೊತ್ತಿಗೆ ಒಂದು ಕಾಳಿನ ರಾಶಿಯ ಪಕ್ಕ ನಿಲ್ಲಿ. ಒಬ್ಬನೇ ಬಂದು ಮುಷ್ಟಿ ಕಾಳು ಎತ್ತಿ ನೋಡಿದಾಗ ಯಾವ ದರ ಕೂಗುತ್ತಾನೆ, ಇನ್ನೂ ಮೂರು ಜನ ಬಂದು ಕೈ ಹಾಕಿದ ಮೇಲೆ ಅದೇ ಮನುಷ್ಯ ಯಾವ ದರ ಕೂಗುತ್ತಾನೆ, ನೀವೇ ಕೇಳಿ.