ಕುವೈತಿಗೆ ಹೊಸದಾಗಿ ಬಂದವರಿಗೆ: ಏಳು ತಿಂಗಳ ಯುದ್ಧದ ಲೆಕ್ಕ

ಪ್ರಿಯರೇ,

ಕುವೈತಿನ ತೈಲನಗರ ಅಹ್ಮದಿಯಲ್ಲಿ ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕೊಲ್ಲಿಯಲ್ಲಿ ಮತ್ತೆ ಯುದ್ಧವಾದರೆ ನಮ್ಮಂಥವರ ಗತಿಯೇನು ಎಂಬುದು ಮೊದಲನೆಯದು. ಇಲ್ಲಿನ ಹಳಬರು 1990ರ ಮಾತನ್ನು ಇನ್ನೂ ಏಕೆ ಬಿಟ್ಟಿಲ್ಲ ಎಂಬುದು ಎರಡನೆಯದು. ಎರಡನೆಯದಕ್ಕೆ ಉತ್ತರ ಹೇಳಿದರೆ ಮೊದಲನೆಯದಕ್ಕೂ ಮುಕ್ಕಾಲು ಪಾಲು ಹೇಳಿದಂತೆ. ಆಗ ನಾನು ಇಲ್ಲಿಯೇ ಇದ್ದೆ. ಉಳಿದೆಲ್ಲರಂತೆ ಊರಿಗೆ ಓಡಿದೆ, ಯುದ್ಧ ಮುಗಿದ ಮೇಲೆ ಮರಳಿ ಬಂದೆ.

ಇರಾಕಿನ ಸೇನೆ ಕುವೈತಿನೊಳಗೆ ನುಗ್ಗಿದ್ದು 1990ರ ಆಗಸ್ಟ್ 2ರಂದು; ಹೊರಬಿದ್ದದ್ದು 1991ರ ಫೆಬ್ರವರಿ ಕೊನೆಯಲ್ಲಿ. ಪೂರ್ತಿ ಏಳು ತಿಂಗಳೂ ಅಲ್ಲ. ಆದರೆ ಆ ಏಳು ತಿಂಗಳ ಬಾಕಿಯ, ಅಂದರೆ ನಷ್ಟಪರಿಹಾರದ, ಕೊನೆಯ ಕಂತು ಪಾವತಿಯಾದದ್ದು 2022ರ ಜನವರಿಯಲ್ಲಿ. ನೆಲದ ಬಾಕಿಯಂತೂ ಇನ್ನೂ ತೀರಿಲ್ಲ.

ಮೊದಲು ನಮ್ಮವರ ವಿಷಯ ಹೇಳುತ್ತೇನೆ. ಆಗ ಇಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೂ ಕೊರತೆಯಿರಲಿಲ್ಲ. ಬಹುಪಾಲು ಜನ ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಗಳ ಕೆಳಗೆ ಸರದಿಗಾಗಿ ಕಾದು, ಅಮ್ಮಾನ್ ತಲುಪಿ, ಅಲ್ಲಿಂದ ವಿಮಾನ ಹತ್ತಿದರು. ಏರ್ ಇಂಡಿಯಾ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ಸಾಗಿಸಿದ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಆ ವಿಮಾನಗಳಿಂದ ಇಳಿದವರ ಕೈಯಲ್ಲಿ ಏನಿತ್ತು ಎಂದು ಕೇಳುವವರು ಕಡಿಮೆ. ಆಕ್ರಮಣಕಾರರು ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸಮವೆಂದು ಘೋಷಿಸಿ, ಬಳಿಕ ಅದನ್ನು ಚಲಾವಣೆಯಿಂದಲೇ ತೆಗೆದುಹಾಕಿದ್ದರು. ಪೇಟೆಯಲ್ಲಿ ಇರಾಕಿ ದಿನಾರಿಗೆ ಅದರ ಒಂದು ಸಣ್ಣ ಅಂಶದಷ್ಟೂ ಬೆಲೆಯಿರಲಿಲ್ಲ. ಬ್ಯಾಂಕಿನಲ್ಲಿ ಹಣವಿದ್ದವರ ಕೈಯಲ್ಲಿ ಪಾಸ್‌ಬುಕ್ಕಷ್ಟೇ ಉಳಿಯಿತು. ಕಫೀಲನ (ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕನ) ಕಚೇರಿಯ ಬೀರುವಿನಲ್ಲಿ ಪಾಸ್‌ಪೋರ್ಟ್ ಸಿಕ್ಕಿಹಾಕಿಕೊಂಡಿದ್ದ ಮನೆಗೆಲಸದವರ ಪಾಡು ಇನ್ನೂ ಕೆಟ್ಟದ್ದಾಗಿತ್ತು. ರಾಯಭಾರ ಕಚೇರಿ ಬರೆದುಕೊಟ್ಟ ತಾತ್ಕಾಲಿಕ ಪತ್ರವೊಂದೇ ಅವರಿಗೆ ಗತಿ.

ಊರಿನಲ್ಲಿಯೂ ನೆಮ್ಮದಿಯಿರಲಿಲ್ಲ. ಪೀಪಾಯಿಗೆ 20 ಡಾಲರಿಗಿಂತ ಕೆಳಗಿದ್ದ ಕಚ್ಚಾತೈಲದ ಬೆಲೆ ಅಕ್ಟೋಬರ್ ಹೊತ್ತಿಗೆ ದುಪ್ಪಟ್ಟಾಗಿತ್ತು, ಕೊಲ್ಲಿಯಿಂದ ಬರುವ ಹಣ ನಿಂತಿತ್ತು. ಮೊದಲೇ ಸೊರಗಿದ್ದ ದೇಶದ ವಿದೇಶಿ ವಿನಿಮಯ ಸಂಗ್ರಹ ಮತ್ತಷ್ಟು ಬರಿದಾಗಿ, 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳುಹಿಸಿ ಅಡವಿಡಬೇಕಾಯಿತು. ಗುಂಡು ಹಾರಿದ್ದು ಇಲ್ಲಿ. ಚಿನ್ನ ಅಡವಿಟ್ಟದ್ದು ಯುದ್ಧದಲ್ಲಿ ಇರದಿದ್ದ ನಮ್ಮ ದೇಶ.

ನಮಗಿಂತ ಹೆಚ್ಚು ಕಳೆದುಕೊಂಡವರೂ ಇದ್ದಾರೆ. ಸೆರೆಯಾಗಿ ಕಣ್ಮರೆಯಾದವರ ಪಟ್ಟಿಯಲ್ಲಿ 605 ಹೆಸರುಗಳಿದ್ದವು. ದಕ್ಷಿಣ ಇರಾಕಿನ ಸಮಾವಾ ಬಳಿಯ ಸಾಮೂಹಿಕ ಗೋರಿಗಳಲ್ಲಿ ದೊರೆತ ಮೂಳೆಗಳನ್ನು ಗುರುತಿಸುವ ಕೆಲಸ ಮೂವತ್ತು ವರ್ಷಗಳ ಬಳಿಕವೂ ನಡೆಯುತ್ತಿತ್ತು. ಇಲ್ಲಿನ ಶಾಲೆ, ಕಚೇರಿ, ಆಸ್ಪತ್ರೆಗಳನ್ನು ದಶಕಗಳ ಕಾಲ ನಡೆಸಿದ್ದ ಪ್ಯಾಲೆಸ್ತೀನೀಯರು ಯುದ್ಧಕ್ಕೆ ಮುಂಚೆ ಸುಮಾರು ನಾಲ್ಕು ಲಕ್ಷವಿದ್ದರು. ಅವರ ನಾಯಕತ್ವ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಪರವಾಗಿ ನಿಂತಿತೆಂಬ ಸಿಟ್ಟು ಸಾಮಾನ್ಯರ ಮೇಲೆ ತಿರುಗಿ, ಕೊನೆಗೆ ಕೆಲವು ಹತ್ತು ಸಾವಿರ ಜನರಷ್ಟೇ ಉಳಿದರು. ಇದರ ಬಗ್ಗೆ ಇಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ, ನೀವೂ ಕೆದಕಬೇಡಿ.

ಹಣದ ಲೆಕ್ಕಕ್ಕೆ ಬರೋಣ. ಇರಾಕನ್ನು ಹೊರದಬ್ಬಿದ ಮಿತ್ರಪಡೆಗಳ ಮುಂದಾಳು ಅಮೆರಿಕ ಈ ಯುದ್ಧಕ್ಕೆ ಖರ್ಚಾಯಿತೆಂದು ಹೇಳಿದ್ದು ಸುಮಾರು 6,100 ಕೋಟಿ ಡಾಲರ್. ಅದರಲ್ಲಿ ಬಹುಪಾಲನ್ನು ಕುವೈತ್, ಸೌದಿ ಅರೇಬಿಯಾ ಮುಂತಾದ ಮಿತ್ರದೇಶಗಳು ತುಂಬಿಕೊಟ್ಟವು. ಅದು ಸೇನೆಗಳ ಖರ್ಚು. ಜನರ ಮತ್ತು ಕಂಪನಿಗಳ ನಷ್ಟಕ್ಕಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿತು. ದೇಶ ಬಿಟ್ಟು ಓಡಿದ ಒಬ್ಬ ವ್ಯಕ್ತಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಎಂಬುದು ಮೊದಲ ದರ್ಜೆಯ ನಿಗದಿತ ಮೊತ್ತ. ಬೇರೆ ನಷ್ಟಗಳಿಗೆ ಬೇರೆ ಅರ್ಜಿ. ಅರ್ಜಿಗಳೆಲ್ಲ ಅವರವರ ಸರ್ಕಾರದ ಮೂಲಕವೇ ಹೋಗಬೇಕಿತ್ತು. ಸರ್ಕಾರವೇ ಇಲ್ಲದವರಿಗಾಗಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸಲ್ಲಿಸಿದವು. ಪಾಸ್‌ಪೋರ್ಟಿನಲ್ಲಿ ಇಕಾಮ (ವಾಸದ ಪರವಾನಗಿ) ಮುದ್ರೆ, ಸಂಬಳದ ಚೀಟಿ, ಬಾಡಿಗೆ ಕರಾರು ಇದ್ದವರ ಅರ್ಜಿ ಸಲೀಸಾಗಿ ಮುಂದೆ ಸಾಗಿತು. ಅದೇ ಮಹಡಿಯಲ್ಲಿ ಅಷ್ಟೇ ಸಾಮಾನು ಕಳೆದುಕೊಂಡಿದ್ದ ನನ್ನ ನೆರೆಯವರು ರಸೀದಿಯಿಲ್ಲದೆ ಬರಿಗೈಯಲ್ಲಿ ಕುಳಿತರು. ಒಟ್ಟಿನಲ್ಲಿ ಆಯೋಗ ಹಂಚಿದ್ದು ಸುಮಾರು 5,240 ಕೋಟಿ ಡಾಲರ್. ಈ ಹಣ ಬಂದದ್ದು ಇರಾಕಿನ ತೈಲದ ಆದಾಯದಿಂದ. ಯುದ್ಧ ಹೂಡಿದವನು 2006ರಲ್ಲಿಯೇ ಗಲ್ಲಿಗೇರಿದ. ಆ ಬಳಿಕವೂ ಹದಿನೈದು ವರ್ಷ ಆ ಸಾಲವನ್ನು ಹೊತ್ತವರಲ್ಲಿ ಯುದ್ಧದ ಕಾಲಕ್ಕೆ ಹುಟ್ಟಿಯೇ ಇರದ ಇರಾಕಿಗಳು ಎಷ್ಟೋ ಮಂದಿ. ಪರಿಹಾರ ನ್ಯಾಯವೆಂದು ನಾನೂ ಒಪ್ಪುತ್ತೇನೆ, ಆದರೆ ಈ ಭಾಗ ನನಗೆ ಎಂದೂ ಸರಿಯೆನಿಸಿಲ್ಲ.

ನೀವು ಕೆಲಸ ಮಾಡುವ ಜಾಗಕ್ಕೆ ನೇರವಾಗಿ ಸಂಬಂಧಿಸಿದ್ದು ಮೂರನೆಯದಾದ ನೆಲದ ಲೆಕ್ಕ. ಹಿಂದೆ ಸರಿಯುವಾಗ ಇರಾಕಿ ಪಡೆಗಳು 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟವು. ಕೊನೆಯದನ್ನು ಮುಚ್ಚಿದ್ದು 1991ರ ನವೆಂಬರ್ 6ರಂದು, ನಿಮ್ಮ ಅಹ್ಮದಿ ಬಳಿಯ ಬುರ್ಗಾನ್ ತೈಲಕ್ಷೇತ್ರದಲ್ಲಿಯೇ. ಮಧ್ಯಾಹ್ನಕ್ಕೇ ವಾಹನಗಳ ದೀಪ ಹಚ್ಚಬೇಕಾದ ದಿನಗಳಿದ್ದವು. ಮಳೆ ಬಂದರೆ ಕರಿಯ ಹನಿ. ಬೆಂಕಿ ಆರಿಸಲು ಎಣ್ಣೆಯ ಕೊಳವೆಗಳಲ್ಲಿಯೇ ಹಿಮ್ಮುಖವಾಗಿ ಸಮುದ್ರದ ನೀರನ್ನು ಹರಿಸಿದರು. ಬೇರೆ ದಾರಿಯಿರಲಿಲ್ಲ, ಆದರೆ ಆ ಉಪ್ಪು ಮತ್ತು ಎಣ್ಣೆ ಉತ್ತರದ ರೌದತೈನ್, ಉಮ್ಮ್ ಅಲ್ ಐಶ್ ಎಂಬಲ್ಲಿ ನೆಲದೊಳಗಿನ ಸಿಹಿನೀರಿಗೂ ಇಳಿದವು. ನೈಸರ್ಗಿಕ ಸಿಹಿನೀರೇ ಅಪರೂಪವಾದ ಈ ನಾಡಿನಲ್ಲಿ ಅದು ಎಂಥ ನಷ್ಟವೆಂದು ನೀವು ಬಕಾಲದಲ್ಲಿ (ಕಿರಾಣಿ ಅಂಗಡಿಯಲ್ಲಿ) ರೌದತೈನ್ ಹೆಸರಿನ ನೀರಿನ ಬಾಟಲಿ ಕೊಳ್ಳುವಾಗ ಯೋಚಿಸಿ. ಬೆಂಕಿ ಹತ್ತದೆ ಉಕ್ಕಿದ ಬಾವಿಗಳ ಎಣ್ಣೆ ತಗ್ಗುಗಳಲ್ಲಿ ಕೆರೆಯಾಗಿ ನಿಂತಿತು. ಮಸಿ ಮತ್ತು ಎಣ್ಣೆ ಮರಳಿನೊಂದಿಗೆ ಬೆರೆತು ಮರುಭೂಮಿಯ ಸುಮಾರು ಶೇ. 5 ಭಾಗದ ಮೇಲೆ ಡಾಂಬರಿನಂಥ ಹೊದಿಕೆ ಬಿದ್ದಿತು. ಟ್ಯಾಂಕುಗಳು ಮತ್ತು ಕಂದಕಗಳು ಮೇಲ್ಪದರದ ಗರಸನ್ನು ಒಡೆದದ್ದರಿಂದ ಸಡಿಲವಾದ ಮಣ್ಣು ಬೀಸುಗಾಳಿಗೆ ಸುಲಭವಾಗಿ ಏಳತೊಡಗಿತು. ಎಣ್ಣೆ ಕುಡಿದ ಮಣ್ಣನ್ನು ಅಗೆದು ಶುದ್ಧಮಾಡುವ ಯೋಜನೆ ಈಗಲೂ ನಡೆಯುತ್ತಿದೆ. ನಿಮ್ಮ ಕಂಪನಿಗೆ ಸಿಕ್ಕಿರುವ ಗುತ್ತಿಗೆಯೂ ಅದರ ತುಣುಕೇ ಇರಬಹುದು.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಪಾಸ್‌ಪೋರ್ಟ್ ಯಾರ ಬೀರುವಿಗೂ ಹೋಗದಿರಲಿ. ಸಿವಿಲ್ ಐಡಿ, ಕೆಲಸದ ಕರಾರು, ಬಾಡಿಗೆ ರಸೀದಿಗಳ ಪ್ರತಿಗಳನ್ನು ಊರಿನಲ್ಲಿ ಒಬ್ಬರ ಬಳಿ ಇಡಿ; ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಉಳಿತಾಯವನ್ನು ಇಲ್ಲಿಯೇ ರಾಶಿ ಹಾಕದೆ ತಿಂಗಳು ತಿಂಗಳೂ ಕಳುಹಿಸಿ. ಚಳಿಗಾಲದಲ್ಲಿ ಸಹೋದ್ಯೋಗಿಗಳು ಮರುಭೂಮಿಯಲ್ಲಿ ಡೇರೆ ಹಾಕಲು ಕರೆದರೆ ಸಂತೋಷವಾಗಿ ಹೋಗಿ. ಆದರೆ ಮಳೆ ಅಥವಾ ಗಾಳಿಯ ನಂತರ ಮರಳಿನಿಂದ ಎದ್ದ ಯಾವ ಲೋಹದ ವಸ್ತುವನ್ನೂ ಮುಟ್ಟಬೇಡಿ (ಯುದ್ಧಕಾಲದ ಸಿಡಿಯದ ಮದ್ದುಗುಂಡು ಇರಬಹುದು), ಮಕ್ಕಳನ್ನು ದೂರವಿಡಿ, 112ಕ್ಕೆ ಕರೆ ಮಾಡಿ. ಗೃಹೋಪಕರಣಗಳಿಗೆ ವಿಮೆ ಮಾಡಿಸುವುದಾಗಿ ಬರೆದಿದ್ದೀರಿ. ಸಹಿ ಹಾಕುವ ಮೊದಲು ಹೊರಗಿಟ್ಟ ನಷ್ಟಗಳ ಪಟ್ಟಿಯನ್ನು ಓದಿ. ಯುದ್ಧದ ಹಾನಿ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.